ವಯಸ್ಕರಲ್ಲಿ ಗಮನ ಕೊರತೆಯ ತೊಂದರೆ: ತಪಾಸಣೆ, ರೋಗನಿರ್ಣಯ ಮತ್ತು ಔಷಧೋಪಚಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವುದು, ಕೇಳಿದ ಮಾತನ್ನು ಕೂಡಲೇ ಮರೆಯುವುದು, ಬ್ಯಾಂಕಿನ ಸಾಲದ ಕಂತನ್ನು ಹಣವಿದ್ದಾಗಲೂ ಗಡುವಿನೊಳಗೆ ಕಟ್ಟದಿರುವುದು, ಪಂಪ್‌ಸೆಟ್ ಚಾಲೂ ಮಾಡಿ ಮರೆತು ಊರಿಗೆ ಬರುವುದು - ಇಂತಹ ನಡವಳಿಕೆಯುಳ್ಳವರನ್ನು ಸೋಮಾರಿಗಳೆಂದೂ ಜವಾಬ್ದಾರಿಯಿಲ್ಲದವರೆಂದೂ ಕರೆಯುವುದು ರೂಢಿಯಾಗಿದೆ. ಕೆಲವರ ವಿಷಯದಲ್ಲಿ ಇದು ಸ್ವಭಾವದ ದೋಷವಾಗಿರದೆ, ಬಾಲ್ಯದಿಂದಲೇ ಬಂದ ಆರೋಗ್ಯ ಸಮಸ್ಯೆಯಾಗಿರುತ್ತದೆ. ಇದನ್ನು ವೈದ್ಯಕೀಯದಲ್ಲಿ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಅಥವಾ ಸಂಕ್ಷಿಪ್ತವಾಗಿ ಎಡಿಎಚ್‌ಡಿ ಎಂದು ಕರೆಯಲಾಗುತ್ತದೆ. ಇದು ಮಕ್ಕಳಿಗೆ ಮಾತ್ರ ಸೀಮಿತವಾದುದಲ್ಲ. ವಯಸ್ಕರಲ್ಲಿಯೂ ನೂರಕ್ಕೆ ಸುಮಾರು ಎರಡರಿಂದ ಮೂರು ಮಂದಿಯಲ್ಲಿ ಈ ತೊಂದರೆ ಇರುವುದಾಗಿ ವಿವಿಧ ದೇಶಗಳ ಅಧ್ಯಯನಗಳಿಂದ ಅಂದಾಜಿಸಲಾಗಿದೆ. ಇದಕ್ಕೆ ಚಿಕಿತ್ಸೆ ಇದೆ. ಆದರೆ ಇದರ ಪ್ರಮುಖ ಔಷಧವು ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ, ಅದನ್ನು ಪಡೆಯುವ ಸರಿಯಾದ ಕ್ರಮವನ್ನು ತಿಳಿದಿರುವುದು ಅವಶ್ಯಕ.

ಹಿನ್ನೆಲೆ

ಮಾನಸಿಕ ಆರೋಗ್ಯ ಸೇವೆಯ ಇತಿಹಾಸದಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನವಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಪ್ರಾರಂಭವಾದ ನಂತರ, ಅದನ್ನು ಜಿಲ್ಲಾ ಮಟ್ಟದಲ್ಲಿ ಜಾರಿಗೊಳಿಸುವ ಬಗೆಯನ್ನು ಕಂಡುಕೊಳ್ಳಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡಿತು. 1985ರಿಂದ 1990ರವರೆಗೆ ನಡೆದ ಈ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಅಗತ್ಯ ಔಷಧಗಳನ್ನು ಹಳ್ಳಿಯ ಸಮೀಪಕ್ಕೆ ತಲುಪಿಸಲಾಯಿತು. ಇದು "ಬಳ್ಳಾರಿ ಮಾದರಿ" ಎಂದು ಪ್ರಸಿದ್ಧವಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಆ ಕಾಲದಲ್ಲಿ ಈ ಐದೂ ಪ್ರದೇಶಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಬಳಿಕ ಬಳ್ಳಾರಿಗೆ ಮರಳಿತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಈ ಐದೂ ತಾಲ್ಲೂಕುಗಳು ಸೇರಿವೆ.

ಬಳ್ಳಾರಿ ಮಾದರಿಯು ಮುಖ್ಯವಾಗಿ ತೀವ್ರ ಮನೋರೋಗ, ಅಪಸ್ಮಾರ ಮೊದಲಾದ ಕಾಯಿಲೆಗಳಿಗೆ ಸಂಬಂಧಿಸಿತ್ತು. ಆದಾಗ್ಯೂ ಅದು ತೋರಿಸಿಕೊಟ್ಟ ತತ್ವವು ಗಮನ ಕೊರತೆಯ ತೊಂದರೆಗೂ ಅನ್ವಯಿಸುತ್ತದೆ: ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯ ಮೊದಲ ಹೆಜ್ಜೆಯನ್ನು ದೂರದ ನಗರದಲ್ಲಿ ಅಲ್ಲ, ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಇಡಬಹುದು.

ಲಕ್ಷಣಗಳು

ವಯಸ್ಕರಲ್ಲಿ ಸಾಮಾನ್ಯವಾಗಿ ಕಂಡುಬರುವ ಲಕ್ಷಣಗಳು ಈ ಕೆಳಗಿನಂತಿವೆ.

1. ಒಂದೇ ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಲೆಕ್ಕಪತ್ರ, ಅರ್ಜಿ ಮುಂತಾದವುಗಳಲ್ಲಿ ಅಜಾಗರೂಕತೆಯ ತಪ್ಪುಗಳಾಗುವುದು.
2. ಕೆಲಸಗಳನ್ನು ಕ್ರಮವಾಗಿ ಯೋಜಿಸಲು ಹಾಗೂ ಸಮಯ ಪಾಲಿಸಲು ಆಗದಿರುವುದು.
3. ಕೀಲಿಕೈ, ಮೊಬೈಲ್, ದಾಖಲೆಗಳನ್ನು ಪದೇ ಪದೇ ಕಳೆದುಕೊಳ್ಳುವುದು.
4. ಕುಳಿತಲ್ಲಿ ಕೂರಲಾಗದ ಚಡಪಡಿಕೆ. ವಯಸ್ಕರಲ್ಲಿ ಇದು ಓಡಾಟವಾಗಿ ತೋರದೆ ಒಳಗಿನ ತಳಮಳವಾಗಿ ಇರಬಹುದು.
5. ಎದುರಿನವರ ಮಾತು ಮುಗಿಯುವ ಮೊದಲೇ ಮಾತನಾಡುವುದು; ಯೋಚಿಸದೆ ಖರ್ಚು ಮಾಡುವುದು ಅಥವಾ ಕೆಲಸ ಬಿಡುವುದು.

ಇವುಗಳಲ್ಲಿ ಒಂದೆರಡು ಲಕ್ಷಣಗಳು ಎಲ್ಲರಲ್ಲಿಯೂ ಕೆಲವೊಮ್ಮೆ ಕಂಡುಬರುತ್ತವೆ. ಅಷ್ಟರಿಂದಲೇ ತೊಂದರೆ ಇದೆಯೆಂದು ಭಾವಿಸಬಾರದು. ಜೀವನೋಪಾಯ ಹಾಗೂ ಕುಟುಂಬಕ್ಕೆ ನಿರಂತರ ಹಾನಿಯಾಗುತ್ತಿದ್ದಲ್ಲಿ ತಪಾಸಣೆ ಅಗತ್ಯ. ಉದಾಹರಣೆಗೆ, ಹಡಗಲಿಯ ಮಲ್ಲಿಗೆ ಬೆಳೆಗಾರರು ಮೊಗ್ಗನ್ನು ಮಾರುಕಟ್ಟೆಯ ಹೊತ್ತಿಗೆ ತಲುಪಿಸದಿದ್ದರೆ ಆ ದಿನದ ದುಡಿಮೆಯೇ ನಷ್ಟ. ದುಡಿಯುವ ಶಕ್ತಿಯೂ ಇಚ್ಛೆಯೂ ಇದ್ದು ವರ್ಷಗಟ್ಟಲೆ ಹೊತ್ತು ತಪ್ಪುತ್ತಲೇ ಇದ್ದಲ್ಲಿ, ಕಾರಣವನ್ನು ವೈದ್ಯರಲ್ಲಿ ಕೇಳುವುದು ಯೋಗ್ಯ.

ಮಹಿಳೆಯರಲ್ಲಿ ಅತಿಚಟುವಟಿಕೆ ಎದ್ದು ಕಾಣದೆ ಗಮನದ ಕೊರತೆಯೇ ಪ್ರಧಾನವಾಗಿರುವುದರಿಂದ, ಬಾಲ್ಯದಲ್ಲಿ ಈ ತೊಂದರೆ ಯಾರ ಗಮನಕ್ಕೂ ಬಾರದೆ ಉಳಿದಿರುವ ಸಂಭವ ಹೆಚ್ಚು.

ಇತರೆ ಕಾರಣಗಳು

ಗಮನ ಕುಗ್ಗಲು ಬೇರೆ ಕಾರಣಗಳೂ ಇವೆ. ಖಿನ್ನತೆ, ಆತಂಕ, ನಿದ್ರಾಹೀನತೆ, ಗೊರಕೆಯೊಡನೆ ಉಸಿರುಕಟ್ಟುವ ತೊಂದರೆ, ಥೈರಾಯ್ಡ್ ದೋಷ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ, ಮದ್ಯಪಾನ, ಶ್ರವಣದೋಷ ಹಾಗೂ ಕೆಲವು ಔಷಧಗಳು ಇವುಗಳಲ್ಲಿ ಮುಖ್ಯವಾದವು. ಇತ್ತೀಚಿನ ಕೆಲವು ತಿಂಗಳುಗಳಿಂದ ಮಾತ್ರ ಮರೆವು ಅಥವಾ ಗಮನದ ಕೊರತೆ ಉಂಟಾಗಿದ್ದಲ್ಲಿ ಮೊದಲು ಇಂತಹ ಕಾರಣಗಳನ್ನು ಪರಿಶೀಲಿಸಲಾಗುತ್ತದೆ. ಇವುಗಳಲ್ಲಿ ಅನೇಕವು ಸಾಮಾನ್ಯ ರಕ್ತಪರೀಕ್ಷೆಯಿಂದ ತಿಳಿದುಬರುತ್ತವೆ ಮತ್ತು ಬೇರೆಯೇ ಚಿಕಿತ್ಸೆಯಿಂದ ಗುಣವಾಗುತ್ತವೆ.

ರೋಗನಿರ್ಣಯದ ಕ್ರಮ

ಗಮನ ಕೊರತೆಯ ತೊಂದರೆಯನ್ನು ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಸ್ಕ್ಯಾನಿಂಗ್‌ನಿಂದಾಗಲಿ ನಿರ್ಧರಿಸಲು ಸಾಧ್ಯವಿಲ್ಲ. ಮನೋವೈದ್ಯರು ವ್ಯಕ್ತಿಯ ಜೀವನದ ವಿವರಗಳನ್ನು ಕೂಲಂಕಷವಾಗಿ ವಿಚಾರಿಸಿ ನಿರ್ಣಯಕ್ಕೆ ಬರುತ್ತಾರೆ. 2013ರಲ್ಲಿ ಪರಿಷ್ಕೃತವಾದ ಡಿಎಸ್‌ಎಂ-5 ಮಾನದಂಡದ ಪ್ರಕಾರ ಮುಖ್ಯವಾಗಿ ಈ ಅಂಶಗಳು ಇರಬೇಕು.

1. ಕೆಲವು ಲಕ್ಷಣಗಳು 12 ವರ್ಷ ವಯಸ್ಸಿಗೆ ಮುಂಚೆಯೇ ಇದ್ದಿರಬೇಕು.
2. 17 ವರ್ಷ ಮೇಲ್ಪಟ್ಟವರಲ್ಲಿ, ಗಮನದ ಕೊರತೆ ಅಥವಾ ಅತಿಚಟುವಟಿಕೆಯ ಪಟ್ಟಿಯಲ್ಲಿ ಕನಿಷ್ಠ 5 ಲಕ್ಷಣಗಳು 6 ತಿಂಗಳ ಕಾಲವಾದರೂ ಇರಬೇಕು.
3. ಮನೆ, ಕೆಲಸದ ಸ್ಥಳ ಮುಂತಾದ ಎರಡು ಅಥವಾ ಹೆಚ್ಚಿನ ಕಡೆ ಲಕ್ಷಣಗಳು ಕಾಣಿಸಿಕೊಳ್ಳಬೇಕು.
4. ಇವುಗಳಿಂದ ದೈನಂದಿನ ಜೀವನಕ್ಕೆ ಅಡಚಣೆಯಾಗುತ್ತಿರಬೇಕು ಮತ್ತು ಬೇರೆ ಕಾಯಿಲೆಯು ಇವುಗಳಿಗೆ ಕಾರಣವಾಗಿರಬಾರದು.

ಮೊಬೈಲ್‌ನಲ್ಲಿ ದೊರೆಯುವ ಪ್ರಶ್ನಾವಳಿಗಳು ತಪಾಸಣೆ ಬೇಕೇ ಎಂಬುದನ್ನಷ್ಟೇ ಸೂಚಿಸುತ್ತವೆ. ಅವು ರೋಗನಿರ್ಣಯವಲ್ಲ.

ಬಾಲ್ಯದ ವಿವರ ಮುಖ್ಯವಾಗಿರುವುದರಿಂದ, ಮೊದಲ ಭೇಟಿಗೆ ತಾಯಿ, ತಂದೆ, ಅಣ್ಣ, ಅಕ್ಕ ಅಥವಾ ಬಾಲ್ಯದಿಂದ ಬಲ್ಲ ಹಿರಿಯರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಶಾಲೆಯ ಹಳೆಯ ಅಂಕಪಟ್ಟಿ ಅಥವಾ ಪ್ರಗತಿ ಪತ್ರಗಳಿದ್ದಲ್ಲಿ ಒಯ್ಯಬೇಕು. ಶಾಲೆಗೆ ಹೋಗದವರು ಅಥವಾ ದಾಖಲೆ ಇಲ್ಲದವರು ಹಿಂಜರಿಯಬೇಕಾಗಿಲ್ಲ. ಮನೆಯ ಹಿರಿಯರ ಹೇಳಿಕೆಯೂ ಸಹಾಯಕವಾಗುತ್ತದೆ. ಸೇವಿಸುತ್ತಿರುವ ಎಲ್ಲಾ ಔಷಧಗಳ ಚೀಟಿಗಳನ್ನು ತೋರಿಸಬೇಕು. ಮದ್ಯ, ತಂಬಾಕು ಸೇವನೆಯನ್ನು ಮುಚ್ಚಿಡಬಾರದು.

ಎಲ್ಲಿ ಸಂಪರ್ಕಿಸಬೇಕು

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಭೇಟಿ ನೀಡುವ ವ್ಯವಸ್ಥೆಯನ್ನು ರೂಪಿಸಲಾಗಿದೆ. ಭೇಟಿಯ ದಿನ ಮತ್ತು ಸಮಯವನ್ನು ಆಸ್ಪತ್ರೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಸೂಕ್ತ.

ಹೆಚ್ಚಿನ ತಪಾಸಣೆ ಬೇಕಾದಲ್ಲಿ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹರಪನಹಳ್ಳಿ ಭಾಗದವರಿಗೆ ಸಮೀಪವಾಗುವ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಹಾಗೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳನ್ನು ಸಂಪರ್ಕಿಸಬಹುದು.

ಎಲ್ಲಿಗೆ ಹೋಗಬೇಕೆಂದು ತಿಳಿಯದವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು. ಸಂಖ್ಯೆ 14416. ಈ ಸೇವೆಯು ಉಚಿತವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲಿ ಲಭ್ಯವಿದೆ.

ಔಷಧೋಪಚಾರ

ನಮ್ಮ ದೇಶದಲ್ಲಿ ಈ ತೊಂದರೆಗೆ ಮುಖ್ಯವಾಗಿ ಎರಡು ಔಷಧಗಳನ್ನು ನೀಡಲಾಗುತ್ತದೆ.

ಮೀಥೈಲ್‌ಫೆನಿಡೇಟ್: ಇದು ಉತ್ತೇಜಕ ಔಷಧ. ಇದರ ಪರಿಣಾಮ ಸೇವಿಸಿದ ದಿನವೇ ಕಾಣುತ್ತದೆ ಮತ್ತು ಕೆಲವು ಗಂಟೆಗಳ ಕಾಲ ಇರುತ್ತದೆ. ಹಸಿವು ಕಡಿಮೆಯಾಗುವುದು, ನಿದ್ರೆ ಬಾರದಿರುವುದು, ನಾಡಿಮಿಡಿತ ಹಾಗೂ ರಕ್ತದೊತ್ತಡ ಏರುವುದು ಇದರ ಸಾಮಾನ್ಯ ಅಡ್ಡಪರಿಣಾಮಗಳು.

ಅಟೊಮೊಕ್ಸೆಟಿನ್: ಇದು ಉತ್ತೇಜಕವಲ್ಲ. ಇದರ ಪೂರ್ಣ ಪರಿಣಾಮ ತಿಳಿಯಲು ಕೆಲವು ವಾರಗಳೇ ಬೇಕಾಗುತ್ತವೆ. ಮೊದಲ ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡಬಾರದು. ವಾಕರಿಕೆ, ಬಾಯಿ ಒಣಗುವುದು ಇತ್ಯಾದಿ ಕಾಣಿಸಬಹುದು.

ಯಾವ ಔಷಧ ಸೂಕ್ತವೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹೃದ್ರೋಗ, ಅಧಿಕ ರಕ್ತದೊತ್ತಡ, ಗ್ಲಾಕೋಮಾ, ಹಿಂದೆ ತೀವ್ರ ಮನೋರೋಗ ಉಂಟಾಗಿದ್ದುದು, ಗರ್ಭಧಾರಣೆ - ಇವುಗಳನ್ನು ಔಷಧ ಪ್ರಾರಂಭಿಸುವ ಮೊದಲೇ ತಿಳಿಸತಕ್ಕದ್ದು. ಔಷಧ ಸೇವಿಸುವಾಗ ಎದೆನೋವು, ವಿಪರೀತ ಉದ್ವೇಗ ಅಥವಾ ಆತ್ಮಹತ್ಯೆಯ ಯೋಚನೆ ಬಂದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಔಷಧ ಪಡೆಯುವ ನಿಯಮಗಳು

ಮೀಥೈಲ್‌ಫೆನಿಡೇಟ್ ಔಷಧವು 1945ರ ಔಷಧ ನಿಯಮಗಳ ಎಕ್ಸ್ ಅನುಸೂಚಿಗೂ 1985ರ ಮಾದಕ ದ್ರವ್ಯ ಹಾಗೂ ಮನೋಪ್ರಭಾವಕ ವಸ್ತುಗಳ ಅಧಿನಿಯಮಕ್ಕೂ ಒಳಪಟ್ಟಿದೆ. ಆದ್ದರಿಂದ:

1. ವೈದ್ಯರ ಔಷಧ ಚೀಟಿಯು ಎರಡು ಪ್ರತಿಗಳಲ್ಲಿರಬೇಕು. ಒಂದು ಪ್ರತಿಯನ್ನು ಔಷಧ ಅಂಗಡಿಯವರು ಎರಡು ವರ್ಷ ಕಾಯ್ದಿರಿಸುತ್ತಾರೆ.
2. ಇದನ್ನು ಮಾರಲು ಪ್ರತ್ಯೇಕ ಪರವಾನಗಿ ಬೇಕಾಗಿರುವುದರಿಂದ ಎಲ್ಲಾ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಎಲ್ಲಿ ದೊರೆಯುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು.
3. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ, ದೂರವಾಣಿ ಅಥವಾ ವಿಡಿಯೋ ಮೂಲಕ ಈ ಔಷಧವನ್ನು ಬರೆದುಕೊಡುವಂತಿಲ್ಲ. ವೈದ್ಯರನ್ನು ಮುಖತಃ ಕಾಣಬೇಕಾಗುತ್ತದೆ.

ಈ ಕಾರಣದಿಂದ, ಮಾತ್ರೆ ಮುಗಿಯುವ ಒಂದು ವಾರ ಮುಂಚಿತವಾಗಿಯೇ ಮುಂದಿನ ಭೇಟಿಯನ್ನು ಗೊತ್ತುಪಡಿಸಿಕೊಳ್ಳಬೇಕು. ಮರೆವೇ ತೊಂದರೆಯಾಗಿರುವವರಿಗೆ ಇದನ್ನು ನೆನಪಿಸುವ ಹೊಣೆಯನ್ನು ಮನೆಯವರೊಬ್ಬರು ವಹಿಸಿಕೊಳ್ಳುವುದು ಉಪಯುಕ್ತ. ಮಾತ್ರೆಗಳನ್ನು ಇತರರಿಗೆ ಕೊಡುವುದು, ಪರೀಕ್ಷೆಗೆ ಓದಲೆಂದು ವಿದ್ಯಾರ್ಥಿಗಳು ಬಳಸುವುದು ಅಪಾಯಕಾರಿ ಹಾಗೂ ಕಾನೂನುಬಾಹಿರ.

ಔಷಧದೊಂದಿಗೆ ಇತರ ಕ್ರಮಗಳು

ಔಷಧದ ಜೊತೆಗೆ ಆಪ್ತಸಮಾಲೋಚನೆಯಿಂದ ಹೆಚ್ಚಿನ ಪ್ರಯೋಜನವಿದೆ. ದೊಡ್ಡ ಕೆಲಸವನ್ನು ಸಣ್ಣ ಭಾಗಗಳಾಗಿ ವಿಂಗಡಿಸುವುದು, ಗೋಡೆಯ ಕ್ಯಾಲೆಂಡರ್‌ನಲ್ಲಿ ಕಂತು ಹಾಗೂ ಭೇಟಿಯ ದಿನಾಂಕಗಳನ್ನು ಗುರುತು ಹಾಕುವುದು, ಮೊಬೈಲ್‌ನಲ್ಲಿ ಅಲಾರಂ ಇಡುವುದು, ವಸ್ತುಗಳನ್ನು ಗೊತ್ತಾದ ಜಾಗದಲ್ಲಿಯೇ ಇಡುವುದು, ಸಾಕಷ್ಟು ನಿದ್ರೆ ಮಾಡುವುದು ನೆರವಾಗುತ್ತವೆ.

ಕಾನೂನಿನ ರಕ್ಷಣೆ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 18ನೇ ಪ್ರಕರಣದಂತೆ, ಸರ್ಕಾರ ನಡೆಸುವ ಅಥವಾ ಅನುದಾನ ನೀಡುವ ಸಂಸ್ಥೆಗಳಿಂದ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. 23ನೇ ಪ್ರಕರಣದಂತೆ ಚಿಕಿತ್ಸೆಯ ವಿವರಗಳು ಗೌಪ್ಯ. ಮದುವೆಗೆ ಅಥವಾ ಕೆಲಸಕ್ಕೆ ತೊಂದರೆಯಾದೀತೆಂಬ ಭಯದಿಂದ ಚಿಕಿತ್ಸೆಯನ್ನು ಮುಂದೂಡಬೇಕಾಗಿಲ್ಲ.

ಕುಟುಂಬದವರ ಪಾತ್ರ

ಹಲವು ವರ್ಷ ಬೈಗುಳ ಕೇಳಿದ ವ್ಯಕ್ತಿಯು ತಾನೇ ಅಯೋಗ್ಯನೆಂದು ನಂಬಿರುತ್ತಾನೆ. ಇದರಿಂದ ಖಿನ್ನತೆಯೂ ಮದ್ಯದ ಚಟವೂ ಉಂಟಾಗುವ ಸಂಭವವಿದೆ. ರೋಗನಿರ್ಣಯವು ಹಿಂದಿನ ತಪ್ಪುಗಳಿಗೆ ನೆಪವಲ್ಲ. ಮುಂದೆ ಅವುಗಳನ್ನು ಕಡಿಮೆ ಮಾಡುವ ದಾರಿ. ತಪಾಸಣೆಯ ನಂತರ ಈ ತೊಂದರೆ ಇಲ್ಲವೆಂದು ತಿಳಿದುಬಂದರೂ ಶ್ರಮ ವ್ಯರ್ಥವಲ್ಲ, ಏಕೆಂದರೆ ನಿಜವಾದ ಕಾರಣವನ್ನು ಗುರುತಿಸಲು ಅದರಿಂದ ನೆರವಾಗುತ್ತದೆ. ಆದ್ದರಿಂದ ಸಾರ್ವಜನಿಕರು ಸಂಕೋಚವಿಲ್ಲದೆ ತಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಿ, ಲಭ್ಯವಿರುವ ಸೇವೆಗಳ ಸದುಪಯೋಗ ಪಡೆದುಕೊಳ್ಳುವುದು.