ಮಳೆಗಾಲದ ಬೆಳಿಗ್ಗೆ ಕಾರಿನ ಕರಕರ

ಶಿರಸಿಯಲ್ಲಿ ರಾತ್ರಿಯಿಡೀ ಮಳೆ. ಬೆಳಿಗ್ಗೆ ಕಾರು ತೆಗೆದು ಬ್ರೇಕ್ ಒತ್ತಿದರೆ ‘ಕರ್‌ರ್’. ಗಾಬರಿ ಬೇಡ. ಚಕ್ರದೊಳಗಿನ ಕಬ್ಬಿಣದ ಡಿಸ್ಕ್ ಮೇಲೆ ಕೆಂಪಗೆ ತೆಳು ತುಕ್ಕು ಕೂತಿರುತ್ತದೆ. ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬ್ರೇಕ್ ಪ್ಯಾಡೇ ಅದನ್ನು ಉಜ್ಜಿ ತೆಗೆಯುತ್ತದೆ. ಸಿದ್ದಾಪುರ ಮುಟ್ಟಿದರೂ ಸದ್ದು ನಿಲ್ಲದಿದ್ದರೆ ಪ್ಯಾಡ್ ಸವೆದಿರಬಹುದು, ಗ್ಯಾರೇಜಿಗೆ ಬಿಡಿ.

ಇನ್ನು ಕಾರಿನ ವೇಗವನ್ನು ತಾನಾಗಿಯೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್. ಇದನ್ನು ಕಂಡುಹಿಡಿದ ಅಮೆರಿಕದ ರಾಲ್ಫ್ ಟೀಟರ್‌ಗೆ ಕಣ್ಣೇ ಕಾಣುತ್ತಿರಲಿಲ್ಲ, ಗೊತ್ತಾ? 1958ರಲ್ಲಿ ಕಾರಿಗೆ ಬಂತು. ಹುಬ್ಬಳ್ಳಿ ಕಡೆಯ ನೇರ ರಸ್ತೆಗೆ ಸರಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಮಾತ್ರ ಆಫ್ ಮಾಡಿ. ಸಾಮಾನ್ಯ ಕ್ರೂಸ್ ಆಕ್ಸಿಲರೇಟರ್ ನೋಡಿಕೊಳ್ಳುತ್ತದೆಯೇ ಹೊರತು ಬ್ರೇಕ್ ಹಾಕುವುದಿಲ್ಲ. ಗೇರ್ ಇಳಿಸಿ, ಎಂಜಿನ್ನೇ ಕಾರನ್ನು ಹಿಡಿಯಲಿ. ಸುಟ್ಟ ವಾಸನೆ ಬಂತೇ? ಬ್ರೇಕ್ ಕಾದಿದೆ. ಅಗಲ ಜಾಗ ನೋಡಿ ನಿಲ್ಲಿಸಿ, ಆರಲಿ. ನೀರು ಹೊಯ್ಯಬೇಡಿ ಮತ್ತೆ!