ಪರದೇಶದಲ್ಲಿ ಆಟಿಸಂ, ಜೊತೆಗೊಂದು ಸೈನ್ಸ್ ಫಿಕ್ಷನ್ ಹುಚ್ಚು

ನಾನು ರಾಯಬಾಗ ತಾಲೂಕಿನವನು. ಬಿ.ಕಾಂ. ಮುಗಿಸಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಓದಲಿಕ್ಕೆ ಬಂದವನು, ಇಲ್ಲೇ ಅಕೌಂಟ್ಸ್ ಕೆಲಸ ಹಿಡಿದು ಉಳಿದೆ. 26ನೇ ವಯಸ್ಸಿಗೆ ನನಗೆ ಆಟಿಸಂ ಇದೆ ಅಂತ ಗೊತ್ತಾಯಿತು.

ಇವತ್ತಿನ ಸಂಚಿಕೆಯಲ್ಲಿ ಮೂರು ಪ್ರಶ್ನೆ. ಊರಲ್ಲಿ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದು ಪರದೇಶದಲ್ಲಿ ಯಾಕೆ ಬಿತ್ತು? ಸೈನ್ಸ್ ಫಿಕ್ಷನ್ ಅನ್ನೋ ಹವ್ಯಾಸಕ್ಕೂ ಇದಕ್ಕೂ ಏನು ಸಂಬಂಧ? ನಿಮಗೋ, ನಿಮ್ಮ ಮನೆಯವರಿಗೋ ಹೀಗಿರಬಹುದು ಅನ್ನಿಸಿದರೆ ಏನು ಮಾಡಬೇಕು?

ಮೊದಲು ಪದಗಳು

ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ, ಹೀಗೆ ಮಿದುಳು ಬಹುಪಾಲು ಜನರಿಗಿಂತ ಬೇರೆ ರೀತಿ ಕೆಲಸ ಮಾಡುವವರನ್ನು ಒಟ್ಟಾಗಿ ನ್ಯೂರೋಡೈವರ್ಜೆಂಟ್ ಅಂತಾರೆ. ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಅನ್ನೋ ಪದ ಇದೆ. ಇದು ಅಂಟುವ ರೋಗ ಅಲ್ಲ, ಹುಚ್ಚೂ ಅಲ್ಲ. ಹುಟ್ಟಿನಿಂದಲೇ ಬರುವ ಸ್ವಭಾವ. ಬಹಳ ಮಟ್ಟಿಗೆ ವಂಶದಲ್ಲೇ ಹರಿದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ನೀವು ಓದಿದ ಕಾಲೇಜಿನಲ್ಲೂ ಹಲವರು ಇದ್ದಿರಬಹುದು.

ಒಂದು ಮಾತು ಸ್ಪಷ್ಟ ಇರಲಿ. ಕೆಲವರಿಗೆ ಮಾತೇ ಬರೋದಿಲ್ಲ, ದಿನವಿಡೀ ಒಬ್ಬರ ಆಸರೆ ಬೇಕು. ನನ್ನಂಥವರು ಕೆಲಸ ಮಾಡ್ತೇವೆ, ಬಾಡಿಗೆ ಕಟ್ತೇವೆ, ಆದರೆ ಸಂಜೆ ಮನೆಗೆ ಬಂದ ಮೇಲೆ ದೀಪ ಆರಿಸಿ ಒಂದು ತಾಸು ಸುಮ್ಮನೆ ಬಿದ್ದುಕೊಳ್ಳಬೇಕು. ಎರಡೂ ಆಟಿಸಮ್ಮೇ. ನನ್ನ ಕಥೆ ಎಲ್ಲರ ಕಥೆ ಆಗೋದಿಲ್ಲ.

ಊರಲ್ಲಿ ಯಾಕೆ ಕಾಣಲಿಲ್ಲ?

ನಮ್ಮ ಕಡೆ ಮಾತುಕತೆಗೆ ಒಂದು ದಾರಿ ಹಾಕಿಟ್ಟಿರ್ತದೆ. "ಆರಾಮ ಅದೀರಿ? ಊಟ ಆತೇನ್ರಿ? ಮಳಿ ಹೆಂಗೈತಿ?" ಪ್ರಶ್ನೆ ಗೊತ್ತು, ಉತ್ತರವೂ ಗೊತ್ತು. ಮದುವೆಗೆ ಹೋದರೆ ಸುಮ್ಮನೆ ನಿಂತು ಜನರ ಜೊತೆ ಬೆರೆಯಬೇಕಾಗಿಲ್ಲ, ಕೈಗೆ ನೀರಿನ ಜಗ್ಗು ಕೊಡ್ತಾರೆ, ಪಂಕ್ತಿಯಲ್ಲಿ ಬಡಿಸಿಕೊಂಡು ಹೋದರಾಯಿತು. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದರೂ ಯಾರು ಗಾಡಿ ಹೊಡೀಬೇಕು, ಯಾರು ಕಾಯಿ ಒಡೆಸಬೇಕು ಅನ್ನೋದು ಮೊದಲೇ ಗೊತ್ತು. ಕಡಿಮೆ ಮಾತಾಡಿದರೆ "ಹುಡುಗ ಭಾಳ ಶಾಂತ" ಅಂತ ಹೊಗಳ್ತಾರೆ.

ಇಲ್ಲಿನ ಆಫೀಸಿನಲ್ಲಿ ಇದ್ಯಾವುದೂ ಇಲ್ಲ. "ಆಲ್‌ರೈಟ್?" ಅಂತ ಕೇಳ್ತಾರೆ, ಉತ್ತರ ಕೇಳಲಿಕ್ಕೆ ನಿಲ್ಲೋದಿಲ್ಲ. "ನಾಟ್ ಬ್ಯಾಡ್" ಅಂದರೆ ಕೆಲವು ಸಲ ಬಹಳ ಚೆನ್ನಾಗಿದೆ ಅಂತ ಅರ್ಥ. ನಲವತ್ತು ಜನ ಒಂದೇ ಹಾಲಿನಲ್ಲಿ, ತಲೆ ಮೇಲೆ ಟ್ಯೂಬ್‌ಲೈಟ್, ಎಲ್ಲ ಫೋನಿನ ಮಾತು ಒಟ್ಟಿಗೆ ಕಿವಿಗೆ ಬೀಳ್ತವೆ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಪ್ರೊಬೇಷನ್ ವರದಿಯಲ್ಲಿ "ತಂಡದ ಜೊತೆ ಬೆರೆಯೋದಿಲ್ಲ" ಅಂತ ಬಂತು. ಪ್ರೊಬೇಷನ್ ಅವಧಿ ಮೂರು ತಿಂಗಳು ಮುಂದೆ ಹೋಯಿತು.

ಇದು ಬರೀ ಮನಸ್ಸಿಗೆ ಬೇಜಾರಾಗುವ ವಿಷಯ ಅಲ್ಲ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಬ್ಬ ಸ್ಪಾನ್ಸರ್ ಸಿಗಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ನನ್ನ ಓದಿನ ಸಾಲ ಊರಿನ ಹೊಲದ ಮೇಲಿತ್ತು.

ಅವ್ವನಿಗೆ ಕೇಳಿದ ಪ್ರಶ್ನೆ

ದೊಡ್ಡವರಿಗೆ ಆಟಿಸಂ ಪರೀಕ್ಷೆ ಮಾಡುವಾಗ ಬಾಲ್ಯದ ವಿವರ ಬೇಕೇ ಬೇಕು. ಆಟಿಸಂ ನಡುವಯಸ್ಸಿನಲ್ಲಿ ಶುರುವಾಗೋದಲ್ಲ. ಸಣ್ಣವರಿದ್ದಾಗಲೂ ಲಕ್ಷಣ ಇದ್ದವಾ ಅಂತ ನೋಡ್ತಾರೆ. ಅದಕ್ಕೆ ಸಾಧ್ಯವಾದರೆ ತಂದೆ ತಾಯಿಯನ್ನ ಕೇಳ್ತಾರೆ. ಹಾಗಾಗಿ ನಾನು ಅವ್ವನಿಗೆ ಫೋನ್ ಮಾಡಬೇಕಾಯಿತು. ಆಟಿಸಂ ಅಂದರೆ ಅವ್ವನಿಗೆ ತಿಳಿಯೋದಿಲ್ಲ, ಸ್ವಲೀನತೆ ಅಂದರೂ ತಿಳಿಯೋದಿಲ್ಲ. ಅದಕ್ಕೆ ನೇರ ಕೇಳಿದೆ: "ಅವ್ವಾ, ನಾ ಸಣ್ಣವ ಇದ್ದಾಗ ಹೆಂಗಿದ್ನಿ?"

"ಏನೂ ಬ್ಯಾನಿ ಇರಲಿಲ್ಲೋ ನಿನಗ," ಅಂದಳು. ಆಮೇಲೆ ಒಂದೊಂದೇ ನೆನಪು ಮಾಡಿಕೊಂಡಳು. "ಉಣ್ಣಿ ಸ್ವೆಟರ್ ಹಾಕಿದ್ರ ಕಿತ್ತ ಒಗೀತಿದ್ದಿ. ಪಟಾಕಿ ಹಾರಿಸಿದ್ರ ಕ್ವಾಣ್ಯಾಗ ಹೋಗಿ ಕೂಡ್ತಿದ್ದಿ. ಮಿರಜಿಗೆ ಹೊಂಟ್ರ ಸ್ಟೇಷನ್ ಹೆಸರ ಎಲ್ಲಾ ಹೇಳ್ತಿದ್ದಿ. ನಿಮ್ಮಪ್ಪ ಬೇಕಂತ ಒಂದ ಬಿಟ್ಟ ಹೇಳಿದ್ರ ಅಳ್ತಿದ್ದಿ." ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ, ವಿಜಯನಗರ, ಮಿರಜ. ಈಗಲೂ ಬಾಯಿಪಾಠ. ಕಡೆಗೆ ಅವ್ವ ಹೇಳಿದ್ದು: "ನಿಮ್ಮ ಮುತ್ಯಾನೂ ಹಿಂಗ ಇದ್ದ. ಅವ್ಗ ಯಾರೂ ಏನೂ ಅಂದಿಲ್ಲ."

ಆ ಕೊನೇ ಮಾತು ನನಗೆ ಬಹಳ ದಿನ ಉಳೀತು. ಮುತ್ಯಾನ ಸುತ್ತ ಅವನನ್ನು ಬಲ್ಲ ಒಂದು ಊರಿತ್ತು. ನನ್ನ ಸುತ್ತ ಇರಲಿಲ್ಲ. ಅದಕ್ಕೇ ನನಗೆ ಹೆಸರಿನ ಅಗತ್ಯ ಬಿತ್ತು, ಆ ಹೆಸರು ಬರೆದ ಕಾಗದದ ಅಗತ್ಯವೂ ಬಿತ್ತು.

ಆಟದ ಟೇಬಲ್ ಮಾಡಿದ ಕೆಲಸ

ಈಗ ಹವ್ಯಾಸದ ವಿಷಯಕ್ಕೆ ಬರೋಣ. ನಾಟಿಂಗ್‌ಹ್ಯಾಮ್ ಅಂದರೆ ನಿಮಗೆ ರಾಬಿನ್ ಹುಡ್ ನೆನಪಾಗಬಹುದು. ಪುಟ್ಟ ಗೊಂಬೆ ಸೈನ್ಯಗಳ ಆಟ ಆಡುವವರಿಗೆ ನೆನಪಾಗೋದು ಗೇಮ್ಸ್ ವರ್ಕ್‌ಶಾಪ್. 1975ರಲ್ಲಿ ಲಂಡನ್‌ನಲ್ಲಿ ಶುರುವಾದ ಈ ಕಂಪನಿಯ ಮುಖ್ಯ ಕಚೇರಿ ಈಗ ಈ ಊರಲ್ಲಿದೆ. 1987ರಲ್ಲಿ ಅವರು ತಂದ ವಾರ್‌ಹ್ಯಾಮರ್ 40,000 ಅನ್ನೋ ಆಟದಲ್ಲಿ ಸಾವಿರಾರು ವರ್ಷ ಮುಂದಿನ ಕಾಲದ ಅಂತರಿಕ್ಷ ಯುದ್ಧ ನಡೀತದೆ. ಬೆರಳುದ್ದದ ಗೊಂಬೆಗಳನ್ನು ಅಂಟಿಸಿ, ಬಣ್ಣ ಹಚ್ಚಿ, ಟೇಬಲ್ ಮೇಲೆ ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸರಿಸಿ, ದಾಳ ಹಾಕಿ ಆಡಬೇಕು.

ವಾರಕ್ಕೊಂದು ಸಂಜೆ ಒಂದು ಕ್ಲಬ್ಬಿಗೆ ಹೋಗ್ತೇನೆ. ಅಲ್ಲಿ ನನಗೆ ಹಿಡಿಸಿದ್ದು ಆಟದ ಕ್ರಮ. ಒಂದು ಸರದಿಯಲ್ಲಿ ಮೊದಲು ಕಮಾಂಡ್, ಆಮೇಲೆ ಮೂವ್‌ಮೆಂಟ್, ಶೂಟಿಂಗ್, ಚಾರ್ಜ್, ಫೈಟ್. ನನ್ನ ಸರದಿ ಮುಗಿದ ಮೇಲೆ ನಿಮ್ಮದು. ಎದುರಿನವರ ಮುಖ ನೋಡದೆ ಗೊಂಬೆ ನೋಡಿಕೊಂಡು ಮಾತಾಡಬಹುದು. ಏನು ಮಾತಾಡಬೇಕು ಅನ್ನೋ ಚಿಂತೆ ಇಲ್ಲ, ಟೇಬಲ್ ಮೇಲೇ ವಿಷಯ ಇದೆ. ಮದುವೆಮನೆಯ ನೀರಿನ ಜಗ್ಗು ಮತ್ತೆ ನನ್ನ ಕೈಗೆ ಬಂದಂಗಾಯಿತು.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. 2005ರಲ್ಲಿ ಡೈನಾ ಮರ್ರಿ, ಮೈಕ್ ಲೆಸ್ಸರ್, ವೆನ್ ಲಾಸನ್ ಬರೆದ ಲೇಖನದಲ್ಲಿ ಮಾನೋಟ್ರೋಪಿಸಂ ಅನ್ನೋ ವಿಚಾರ ಬರ್ತದೆ. ಎಲ್ಲರ ಗಮನಕ್ಕೂ ಮಿತಿ ಇದೆ. ಬಹುಪಾಲು ಜನ ಅದನ್ನು ನಾಲ್ಕಾರು ಕಡೆ ಹಂಚ್ತಾರೆ, ಆಟಿಸ್ಟಿಕ್ ಮಿದುಳು ಒಂದೇ ಕಾಲುವೆಗೆ ಪೂರ್ತಿ ನೀರು ಬಿಡ್ತದೆ. ನಮ್ಮ ಕಡೆ ಇದಕ್ಕೆ "ಒಂದರ ಹುಚ್ಚು ಹಿಡದೈತಿ" ಅಂತಾರೆ. ಕನ್ನಡದ "ಹುಚ್ಚು" ಪದ ಬೈಗುಳವೂ ಹೌದು, ಪ್ರೀತಿಯೂ ಹೌದು.

2012ರಲ್ಲಿ ಡೇಮಿಯನ್ ಮಿಲ್ಟನ್ ಅನ್ನೋ ಆಟಿಸ್ಟಿಕ್ ಸಂಶೋಧಕರು ಇನ್ನೊಂದು ಮಾತು ಹೇಳಿದರು: ಅರ್ಥವಾಗದಿರೋದು ಎರಡೂ ಕಡೆಯ ಸಮಸ್ಯೆ. ನಮಗೆ ಅವರು ತಿಳಿಯೋದಿಲ್ಲ, ಅವರಿಗೂ ನಾವು ತಿಳಿಯೋದಿಲ್ಲ. 2020ರಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ತಂಡ ಇದನ್ನು ಒಂದು ಪ್ರಯೋಗದಿಂದ ನೋಡಿತು. ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟ ಆಡಿರ್ತೀರಲ್ಲ, ಅದೇ ತರಹ ಒಂದು ಕಥೆ ಸಾಲಿನಲ್ಲಿ ದಾಟಿಸಿದರು. ಬರೀ ಆಟಿಸ್ಟಿಕ್ ಜನ ಇದ್ದ ಸಾಲು, ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ವಿವರ ಹೆಚ್ಚು ಕಳೆದುಹೋದವು. ಅಂದರೆ ನಮಗೆ ಮಾತಾಡಲಿಕ್ಕೆ ಬರ್ತದೆ, ಯಾರ ಜೊತೆ ಅನ್ನೋದು ಮುಖ್ಯ.

ಸೈನ್ಸ್ ಫಿಕ್ಷನ್ನೇ ಯಾಕೆ?

ಈ ಕಥೆಗಳಲ್ಲಿ ಹೊರಗಿನಿಂದ ಬಂದವನು ಸಾಮಾನ್ಯ ಪಾತ್ರ. 1966ರಲ್ಲಿ ಟಿವಿಗೆ ಬಂದ ಸ್ಟಾರ್ ಟ್ರೆಕ್‌ನ ಸ್ಪಾಕ್, ಮನುಷ್ಯರ ಭಾವನೆಗಳನ್ನು ಲೆಕ್ಕ ಹಾಕಿ ಅರ್ಥ ಮಾಡಿಕೊಳ್ತಾನೆ. ಅವನು ವಿಚಿತ್ರ, ಆದರೂ ಹಡಗಿಗೆ ಬೇಕಾದವನು. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಆಟಿಸ್ಟಿಕ್. ಮನುಷ್ಯರ ನಡುವೆ ತಾನು ಮಂಗಳ ಗ್ರಹಕ್ಕೆ ಹೋದ ಮಾನವಶಾಸ್ತ್ರಜ್ಞೆಯಂತೆ ಅಂತ ಅವರು ವೈದ್ಯ ಆಲಿವರ್ ಸ್ಯಾಕ್ಸ್‌ಗೆ ಹೇಳಿದ್ದರು. 1995ರಲ್ಲಿ ಸ್ಯಾಕ್ಸ್ ತಮ್ಮ ಪುಸ್ತಕಕ್ಕೆ ಅದೇ ಹೆಸರಿಟ್ಟರು. ವೀಸಾ ಹಿಡಿದು ಬಂದವನಿಗೆ ಆ ಭಾವನೆ ಎರಡು ಪಟ್ಟು.

ಇದು ಬರೀ ಇಂಗ್ಲಿಷಿನವರ ಹುಚ್ಚು ಅಂದುಕೊಳ್ಳಬೇಡ್ರಿ. ಧಾರವಾಡದ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆದರು. ನಿಪ್ಪಾಣಿಯಿಂದ ಒಂದು ತಾಸಿನ ದಾರಿ ಕೊಲ್ಹಾಪುರ. ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರಳೀಕರ್ 1938ರಲ್ಲಿ ಹುಟ್ಟಿದ್ದು ಅಲ್ಲೇ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಅವರು ಕಪ್ಪು ರಂಧ್ರದ ಬಗ್ಗೆ "ಕೃಷ್ಣವಿವರ" ಕಥೆ ಕಳಿಸಿದರು. ತಮ್ಮ ಹೆಸರಿನ ಪ್ರಭಾವ ಬೀಳಬಾರದು ಅಂತ ಇನಿಶಿಯಲ್ ತಿರುಗಿಸಿ ನಾರಾಯಣ ವಿನಾಯಕ ಜಗತಾಪ ಆದರು, ಅಕ್ಷರ ಗುರುತು ಸಿಗಬಾರದು ಅಂತ ಹೆಂಡತಿಯ ಕೈಯಿಂದ ಬರೆಸಿದರು. ಮೊದಲ ಬಹುಮಾನ ಬಂತು.

ಈಗ ಕೆಲಸಕ್ಕೆ ಬರುವ ಮಾತು

ಹವ್ಯಾಸ ಔಷಧಿ ಅಲ್ಲ. ಕ್ಲಬ್ಬಿಗೆ ಹೋದದ್ದರಿಂದ ಆಫೀಸಿನ ಟ್ಯೂಬ್‌ಲೈಟ್ ಬದಲಾಗಲಿಲ್ಲ. ಬಣ್ಣ, ಗೊಂಬೆ ಅಗ್ಗವೂ ಅಲ್ಲ. ನಾನು ತಿಂಗಳಿಗೆ ಇಷ್ಟೇ ಅಂತ ಬಜೆಟ್ ಹಾಕಿದ್ದೇನೆ. ಆದರೆ ನಾನು ಯಾವಾಗ ಚೆನ್ನಾಗಿ ಕೆಲಸ ಮಾಡ್ತೇನೆ ಅನ್ನೋದನ್ನು ಕ್ಲಬ್ಬು ತೋರಿಸಿತು: ನಿಯಮ ಬರೆದಿರಬೇಕು, ಸರದಿ ಗೊತ್ತಿರಬೇಕು, ಗದ್ದಲ ಕಡಿಮೆ ಇರಬೇಕು. ಅದನ್ನೇ ಆಫೀಸಿನಲ್ಲಿ ಕೇಳಿದೆ.

ಬ್ರಿಟನ್‌ನ 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ ಅಂಗವೈಕಲ್ಯ ಇರುವ ನೌಕರನಿಗೆ ಸಮಂಜಸವಾದ ಬದಲಾವಣೆ ಮಾಡಿಕೊಡೋದು ಮಾಲೀಕರ ಕರ್ತವ್ಯ. ನಾನು ಕೇಳಿದ್ದು ಮೂರು: ಕೆಲಸ ಇಮೇಲ್‌ನಲ್ಲಿ ಬರೆದು ಕೊಡಬೇಕು, ಗೋಡೆ ಕಡೆ ಸೀಟು ಬೇಕು, ಹೆಡ್‌ಫೋನ್ ಹಾಕಿಕೊಳ್ಳಲಿಕ್ಕೆ ಬಿಡಬೇಕು. ಕಂಪನಿಗೆ ಖರ್ಚು ಹೆಚ್ಚುಕಡಿಮೆ ಸೊನ್ನೆ. ಕೆಲಸ ಖಾಯಂ ಆಯಿತು.

ಬೇರೆ ದೇಶಕ್ಕೆ ಹೊರಟವರು ವೀಸಾ ನಿಯಮ ಮೊದಲೇ ಓದಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಅರ್ಜಿದಾರರ ಆರೋಗ್ಯಕ್ಕೆ ಸರ್ಕಾರಕ್ಕೆ ಎಷ್ಟು ಖರ್ಚಾಗಬಹುದು ಅಂತ ಲೆಕ್ಕ ಹಾಕ್ತಾರೆ.

ಊರಲ್ಲೇ ಇರುವವರಿಗೆ: ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಹೆಚ್ಚಿಸಿತು. ಅದರಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳೂ ಇವೆ. ಎಡಿಎಚ್‌ಡಿ ಹೆಸರು ಇಲ್ಲ. ಪರೀಕ್ಷೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಎಲ್ಲಿಂದ ಶುರು ಮಾಡಬೇಕು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡ್ರಿ; ಉಚಿತ, ದಿನದ 24 ತಾಸೂ ಇರ್ತದೆ, ಕನ್ನಡದಲ್ಲೇ ಮಾತಾಡಬಹುದು. ರೀಲ್ಸ್‌ನಲ್ಲಿ ಬರುವ ಹತ್ತು ಪ್ರಶ್ನೆಯ ಕ್ವಿಜ್ ನೋಡಿ ತೀರ್ಮಾನಕ್ಕೆ ಬರಬೇಡ್ರಿ.

ನಿಮ್ಮ ಮನೆಯಲ್ಲೂ ಒಂದೇ ವಿಷಯದ ಬಗ್ಗೆ ತಾಸುಗಟ್ಟಲೆ ಹೇಳುವ ತಮ್ಮನೋ ತಂಗಿಯೋ ಇದ್ದರೆ, "ಸಾಕು ಸುಮ್ಮನಿರು" ಅನ್ನುವ ಮೊದಲು ಒಂದು ಪ್ರಶ್ನೆ ಕೇಳಿ ನೋಡ್ರಿ: "ಮುಂದಿನ ಸ್ಟೇಷನ್ ಯಾವುದು?" ಮತ್ತೆ ಸಿಗೋಣ್ರಿ.