ಪಂಜು ಹಿಡಿದ ತಾಯಂದಿರು

2005ರ ಚಳಿಗಾಲದಲ್ಲಿ ವಿಚಾರಗೋಷ್ಠಿಯೊಂದರ ನೆಪದಿಂದ ನಾನು ಇಂಫಾಲಕ್ಕೆ ಹೋಗಿದ್ದೆ. ನೆಪವೆಂದೇ ಹೇಳಬೇಕು, ಬೆಂಗಳೂರಿನಲ್ಲಿ ನನ್ನ ತರಗತಿಯಲ್ಲಿ ಎರಡು ವರ್ಷ ಓದಿ, ಎಂ.ಎ. ಮುಗಿಸಿ ಊರಿಗೆ ಮರಳಿದ್ದ ವಿದ್ಯಾರ್ಥಿನಿಯೊಬ್ಬಳ ಮನೆಯನ್ನು ಕಾಣಬೇಕೆಂಬ ಆಸೆಯೇ ನಿಜವಾದ ಕಾರಣ. ಆ ಹುಡುಗಿ ತಾಯಿಯ ವಿಷಯವನ್ನು ಎಷ್ಟು ಬೇಕಾದರೂ ಹೇಳುತ್ತಿದ್ದಳು. ಅಣ್ಣನ ಮಾತು ಬಂದರೆ ಸುಮ್ಮನಾಗುತ್ತಿದ್ದಳು.

ಆ ಸಂಜೆ ಅವರ ಮನೆಯ ಗೋಡೆಯ ಮೇಲೆ ಅಣ್ಣನ ಭಾವಚಿತ್ರವನ್ನು ಕಂಡೆ. ಜಗಲಿಯ ಮೂಲೆಯಲ್ಲಿ ಬಿದಿರಿನ ತುದಿಗೆ ಬಟ್ಟೆ ಸುತ್ತಿದ ಪಂಜೊಂದು ಒರಗಿಕೊಂಡಿದ್ದಿತು. ನಾವು ಚಹಾ ಕುಡಿಯುತ್ತಿದ್ದಂತೆಯೇ ಹೊರಗೆ ಯಾರೋ ದೀಪದ ಕಂಬವನ್ನು ಕಲ್ಲಿನಿಂದ ಟಣ್ ಟಣ್ ಎಂದು ಬಡಿದರು. ತಾಯಿ ಮಾತಿಲ್ಲದೆ ಎದ್ದು, ಶಾಲು ಹೊದ್ದು, ಪಂಜನ್ನು ತೆಗೆದುಕೊಂಡು ಕತ್ತಲೆಗೆ ಇಳಿದುಹೋದರು.

ಮಣಿಪುರದ ಸ್ತ್ರೀಯರಿಗೆ ಬೀದಿಗಿಳಿಯುವುದು ಹೊಸತಲ್ಲ. 1904ರಲ್ಲಿಯೂ 1939ರಲ್ಲಿಯೂ ಅವರು ಬ್ರಿಟಿಷರ ಆಡಳಿತವನ್ನೇ ಎದುರಿಸಿದವರು. 1970ರ ದಶಕದ ಕೊನೆಗೆ ಕುಡುಕರ ಕಾಟ ವಿಪರೀತವಾದಾಗ ಕೇರಿಕೇರಿಯ ಹೆಂಗಸರು ರಾತ್ರಿ ಗಸ್ತು ತಿರುಗಿ, ‘ನಿಶಾ ಬಂದಿ’ ಎಂಬ ಚಳವಳಿಯನ್ನು ಹೂಡಿದರು. 1980ರ ಸುಮಾರಿಗೆ ಅದೇ ಹೆಂಗಸರು ಸೇನೆಯ ವಿಶೇಷಾಧಿಕಾರವನ್ನು ವಿರೋಧಿಸಿ ಹೊರಟಾಗ ಅವರಿಗೆ ‘ಮೈರಾ ಪೈಬಿ’, ಅಂದರೆ ಪಂಜು ಹಿಡಿದವರು, ಎಂಬ ಹೆಸರು ನಿಂತಿತು. ಆದರೆ ಕುಡುಕನನ್ನು ಹಿಡಿಯುವುದು ಸುಲಭ. ಅವನ ಬಾಯಿಯ ನಾತವೇ ಅವನನ್ನು ತೋರಿಸಿಕೊಡುತ್ತದೆ. ಅದೇ ಕಾಲದಲ್ಲಿ ಸದ್ದಿಲ್ಲದೆ ಬಂದ ಇನ್ನೊಂದು ವಸ್ತುವಿಗೆ ವಾಸನೆಯಿರಲಿಲ್ಲ.

ಇಂಫಾಲದಿಂದ ಮೋರೆಗೆ ಸುಮಾರು 110 ಕಿಲೋಮೀಟರು. ಮೋರೆಯ ಗಡಿ ದಾಟಿದರೆ ಬರ್ಮಾದ ತಮು. ಬರ್ಮಾದ ಬೆಟ್ಟಗಳ ಅಫೀಮು ಬಿಳಿಯ ಹಿಟ್ಟಾಗಿ ಈ ದಾರಿಯಲ್ಲಿ ಇಳಿದುಬಂದಿತು. ಜನ ಅದನ್ನು ‘ನಂಬರ್ ಫೋರ್’ ಎಂದು ಕರೆದರು. ಇಲ್ಲೊಂದು ಸೂಕ್ಷ್ಮವುಂಟು. ದೆಹಲಿ, ಮುಂಬಯಿಗಳ ಬೀದಿಗಳಲ್ಲಿ ‘ಬ್ರೌನ್ ಶುಗರ್’ ಎಂದು ಮಾರಾಟವಾದದ್ದೂ ಹೆರಾಯಿನ್ನೇ. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು, ಆದುದರಿಂದ ಅಲ್ಲಿಯವರು ಹೆಚ್ಚಾಗಿ ಅದರ ಹೊಗೆಯನ್ನು ಸೇದಿದರು. ನಂಬರ್ ಫೋರ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಸೂಜಿಗೆ ಹೇಳಿ ಮಾಡಿಸಿದಂಥದು. ಒಂದೇ ವ್ಯಸನ ಪಶ್ಚಿಮದಲ್ಲಿ ಶ್ವಾಸಕೋಶವನ್ನು ಹಿಡಿದರೆ ಪೂರ್ವದಲ್ಲಿ ರಕ್ತನಾಳವನ್ನು ಹಿಡಿಯಿತು. ನೆರೆಯ ಮಿಜೋರಂನಲ್ಲಿ ನೋವಿನ ಮಾತ್ರೆಯೊಂದರ ಪುಡಿಯನ್ನೇ ನೀರಿಗೆ ಕಲಸಿ ಚುಚ್ಚಿಕೊಂಡು, ಅದು ಕರಗದೆ ಕೀವುಗಟ್ಟಿ, ಕೈಕಾಲು ಕಳೆದುಕೊಂಡ ತರುಣರೂ ಇದ್ದಾರೆ.

ಮಾದಕದ್ರವ್ಯಗಳ 1985ರ ಕಾನೂನು ಸೇವನೆಯನ್ನೂ ಅಪರಾಧವೆಂದಿತು. ಪೊಲೀಸರ ಭಯದಿಂದ ಔಷಧದಂಗಡಿಗಳವರು ತರುಣರಿಗೆ ಸಿರಿಂಜು ಕೊಡಲು ಹಿಂಜರಿದರು. ಮಸಿಕುಡಿಕೆಯಿಂದ ಪೆನ್ನಿಗೆ ಮಸಿ ತುಂಬುವ ಫಿಲ್ಲರು ನನ್ನಂಥ ಮೇಷ್ಟರಿಗೆ ಅತಿ ಪರಿಚಿತವಾದ ವಸ್ತು. ಅದರ ಮೂತಿಗೆ ಸೂಜಿಯೊಂದನ್ನು ಸಿಕ್ಕಿಸಿ, ಐದಾರು ಜನ ಕತ್ತಲೆಯಲ್ಲಿ ಒಂದನ್ನೇ ಕೈಯಿಂದ ಕೈಗೆ ದಾಟಿಸುತ್ತಿದ್ದರೆಂದು ಆ ಹುಡುಗಿ ಹೇಳಿದಳು. ಅವಳ ಅಣ್ಣನೂ ಅವರಲ್ಲೊಬ್ಬ.

“ನಮ್ಮ ಇಮಾ ರಾತ್ರಿಯೆಲ್ಲ ಪಂಜು ಹಿಡಿದು ಬೇರೆಯವರ ಮಕ್ಕಳನ್ನು ಹುಡುಕುತ್ತಿದ್ದರು, ಸರ್. ಸಿಕ್ಕಿದವರನ್ನು ಹೊಡೆದದ್ದೂ ಉಂಟು. ಅಣ್ಣ ನಮ್ಮದೇ ಮನೆಯ ಹಿತ್ತಿಲಲ್ಲಿರುತ್ತಿದ್ದ,” ಎಂದಳು. ಇಮಾ ಎಂದರೆ ತಾಯಿ.

ವಿಷಯ ಬಯಲಾದಾಗ ತಂದೆ ತಾವೇ ಮಗನನ್ನು ಪೊಲೀಸರಿಗೆ ಒಪ್ಪಿಸಿದರಂತೆ. ಸೆರೆಮನೆಯಲ್ಲಿದ್ದರೆ ಚಟ ಬಿಡುತ್ತದೆಂಬ ನಂಬಿಕೆ ಆಗ ಅನೇಕ ತಂದೆತಾಯಿಗಳಿಗೆ ಇದ್ದಿತು. ಅದು 1990ರ ಮಾತು. ಅದೇ ಹೊತ್ತಿಗೆ ಆ ನಾಡಿನ ರಕ್ತಪರೀಕ್ಷೆಗಳಲ್ಲಿ ಎಚ್.ಐ.ವಿ. ಕಾಣಿಸಿಕೊಂಡಿದ್ದಿತು. 1989ರ ಮಧ್ಯದವರೆಗೂ ಯಾರಲ್ಲಿಯೂ ಕಾಣದಿದ್ದ ಸೋಂಕು, ಅರ್ಧ ವರ್ಷದೊಳಗೆ ಪರೀಕ್ಷೆಗೊಳಗಾದ ಸೂಜಿವ್ಯಸನಿಗಳಲ್ಲಿ ಅರ್ಧದಷ್ಟು ಜನರನ್ನು ಮುಟ್ಟಿತು. ಇಷ್ಟು ವೇಗವಾಗಿ ಹರಡಿದ್ದು ಹಿಟ್ಟಿನ ಗುಣದಿಂದಲ್ಲ. ಅಂಜಿಕೆ ಎಲ್ಲರನ್ನೂ ಒಂದೇ ಮೂಲೆಗೆ, ಒಂದೇ ಸೂಜಿಗೆ ನೂಕಿದ್ದರಿಂದ ಎಂದೇ ನನ್ನ ಎಣಿಕೆ. ವ್ಯಸನಿಗಳ ಮೇಲೆ ಬಂದೂಕಿನವರ ಗುಂಪುಗಳ ಕೋಪವೂ ಇದ್ದಿತು. ಮನೆಯವರ ನಾಚಿಕೆ ಅದಕ್ಕಿಂತ ದೊಡ್ಡದಾಗಿದ್ದಿತು.

ಸೆರೆಯಿಂದ ಬಂದ ಹುಡುಗನಿಗೆ ಮದುವೆ ಮಾಡಿದರು. ಮದುವೆಯಾದರೆ ಸರಿಹೋಗುತ್ತಾನೆಂಬ ಮಾತು ನಮ್ಮ ಹಳ್ಳಿಗಳಲ್ಲಿಯೂ ಉಂಟಷ್ಟೆ! 1997ರಲ್ಲಿ ಆತ ತೀರಿಕೊಂಡ. ಚಹಾ ತಂದಿಟ್ಟ ಬಡಕಲು ಹೆಂಗಸು ಅವನ ವಿಧವೆಯೆಂದು ನನಗೆ ತಿಳಿದದ್ದು ಆಮೇಲೆ. ಸೂಜಿಯನ್ನು ಎಂದೂ ಮುಟ್ಟದ ಆಕೆಯ ರಕ್ತದಲ್ಲಿಯೂ ಅದೇ ಸೋಂಕು. ಚುರಾಚಾಂದಪುರದಲ್ಲಿ ನಡೆದ, 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೋಂಕು ತಗುಲಿದ ಇಂಥ ಗಂಡಂದಿರ ಹೆಂಡಿರಲ್ಲಿ ನೂರಕ್ಕೆ 45 ಮಂದಿಗೆ ಅದು ತಗುಲಿದ್ದಿತು. 2004ರಲ್ಲಿ ಸರಕಾರ ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿದ್ದರಿಂದ ಈಕೆ ಬದುಕಿದ್ದಳು.

ಮಣಿಪುರ ಸುಮ್ಮನೆ ಕುಳಿತಿರಲಿಲ್ಲ. ಚಟ ಬಿಟ್ಟವರೇ ಸೇರಿ 1991ರಲ್ಲಿ ‘ಸಾಸೋ’ ಎಂಬ ಸಂಸ್ಥೆಯನ್ನು ಕಟ್ಟಿದರು. 1996ರಲ್ಲಿ ರಾಜ್ಯವು ತನ್ನದೇ ಏಡ್ಸ್ ನೀತಿಯನ್ನು ಒಪ್ಪಿಕೊಂಡಿತು. ಹಳೆಯ ಸೂಜಿಗೆ ಹೊಸ ಸೂಜಿಯನ್ನು ಕೊಡುವ ಕೆಲಸ ಬಹಿರಂಗವಾಗಿ ನಡೆಯಿತು. ಚಟಕ್ಕೆ ಉತ್ತೇಜನವೆಂದು ಕೂಗಾಡಿದವರಿದ್ದರು, ಆದರೂ ಸೋಂಕಿನ ಪ್ರಮಾಣ ವರ್ಷಗಳುರುಳಿದಂತೆ ಇಳಿಯಿತು. ಚಟ ಮಾತ್ರ ಹೋಗಲಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ನೇತೃತ್ವದ ಸಮೀಕ್ಷೆ 2019ರಲ್ಲಿ ಪ್ರಕಟವಾದಾಗ, ಅಫೀಮು ಜಾತಿಯ ಪದಾರ್ಥಗಳ ಬಳಕೆ ಜನಸಂಖ್ಯೆಯ ನೂರಕ್ಕೆ ಹತ್ತನ್ನು ಮೀರಿದ ರಾಜ್ಯಗಳಲ್ಲಿ ಮಣಿಪುರವೂ ಇದ್ದಿತು. ಈಚೆಗೆ ಆ ರಾಜ್ಯದ ಬೆಟ್ಟಗಳಲ್ಲಿಯೇ ಗಸಗಸೆಯ ಬೆಳೆ ಹಬ್ಬಿತು. 2023ರ ಮೇ ತಿಂಗಳಲ್ಲಿ ಹೊತ್ತಿದ ಜನಾಂಗದ್ವೇಷದ ಬೆಂಕಿಯಲ್ಲಿ ಆ ಹೂವೂ ಒಬ್ಬರು ಮತ್ತೊಬ್ಬರ ಮೇಲೆ ಹೊರಿಸುವ ಅಪವಾದವಾಯಿತು. ಬೆಳೆಯುವ ಬಡವನ ಹೊಟ್ಟೆಯ ಮಾತನ್ನು ಕೇಳಿದವರು ಕಡಿಮೆ.

ನಾನು ಹೋಗಿದ್ದ ಆ ರಾತ್ರಿ ತಾಯಿ ಹಿಂತಿರುಗಿದಾಗ ಗಂಟೆ ಹನ್ನೊಂದಾಗಿದ್ದಿತು. ಪಂಜನ್ನು ಮಣ್ಣಿಗೆ ಒತ್ತಿ ಆರಿಸಿದರು. ಯಾರು ಸಿಕ್ಕಿದರೆಂದು ಮಗಳು ಅವರ ಭಾಷೆಯಲ್ಲಿ ಕೇಳಿ, ನನಗೆ ಕನ್ನಡದಲ್ಲಿ ತಿಳಿಸಿದಳು. ಮೇಲಿನ ಕೇರಿಯ ಹುಡುಗನೊಬ್ಬ ಚರಂಡಿಯ ಪಕ್ಕದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದನಂತೆ, ಮೂವರು ಸೇರಿ ಎತ್ತಿ ಚಿಕಿತ್ಸಾಕೇಂದ್ರಕ್ಕೆ ಮುಟ್ಟಿಸಿ ಬಂದರಂತೆ.

“ಹೊಡೆದರೋ?” ಎಂದು ನಾನು ಕೇಳಿದೆ.

ಮಗಳು ಅದನ್ನು ತಾಯಿಗೆ ಹೇಳಲಿಲ್ಲ. ಸೊಸೆ ಒಳಗಿನಿಂದ ಬಿಸಿನೀರು ತಂದು ಅತ್ತೆಯ ಕಾಲ ಬಳಿ ಇಟ್ಟಳು.